ಅರುಣಾ ಪರವಾಗಿ ಮಾತನಾಡಿದವರು

2003ರಿಂದ 2005ರವರೆಗೆ ನಾನು ಸುರತ್ಕಲ್ಲಿನಲ್ಲಿ ಎಂ.ಟೆಕ್ ಓದುತ್ತಿದ್ದೆ. ರಜೆ ಮುಗಿಸಿ ಧಾರವಾಡದಿಂದ ಹೊರಟು ಹುಬ್ಬಳ್ಳಿಯಲ್ಲಿ ರಾತ್ರಿ ಬಸ್ಸು ಹತ್ತಿದರೆ ಅರಬೈಲ್ ಘಟ್ಟ ಇಳಿಯುವಾಗ ಒಮ್ಮೆ ಎಚ್ಚರ, ಆಮೇಲೆ ಕುಮಟಾ ದಾಟಿದ ಮೇಲೆ ಇನ್ನೊಮ್ಮೆ. ಕುಮಟಾ ಮತ್ತು ಹೊನ್ನಾವರದ ನಡುವೆ ಹಳದೀಪುರ ಎಂಬ ಊರಿನ ಹಳದಿ ಫಲಕ ಬಸ್ಸಿನ ಬೆಳಕಿಗೆ ಒಂದು ಕ್ಷಣ ಹೊಳೆದು ಮಾಯವಾಗುತ್ತಿತ್ತು. ಹೆಸರು ಚೆಂದ ಅನ್ನಿಸಿತ್ತು, ಅಷ್ಟೇ. ಆ ಊರಿನ ಹುಡುಗಿಯೊಬ್ಬಳು ಆಗಲೇ 30 ವರ್ಷಗಳಿಂದ ಮುಂಬೈಯ ಆಸ್ಪತ್ರೆಯೊಂದರ ಹಾಸಿಗೆಯ ಮೇಲಿದ್ದಳು ಎಂಬುದು ನನಗೆ ಗೊತ್ತಿರಲಿಲ್ಲ.

ಅರುಣಾ ರಾಮಚಂದ್ರ ಶಾನಭಾಗ ಹಳದೀಪುರದಲ್ಲಿ ಹುಟ್ಟಿದ್ದು 1948ರಲ್ಲಿ. ನಮ್ಮ ಹಾಗೆಯೇ ಊರು ಬಿಟ್ಟು ದುಡಿಯಲು ದೊಡ್ಡ ನಗರಕ್ಕೆ ಹೋದವಳು. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆದಳು. (ಪುಣೆಯವರು ರಾಸ್ತಾ ಪೇಠೆಯ ಕೆಇಎಂ ಅಂದುಕೊಳ್ಳಬೇಡಿ, ಇದು ಮುಂಬೈ ಮಹಾನಗರಪಾಲಿಕೆಯದು.) ಅದೇ ಆಸ್ಪತ್ರೆಯ ವೈದ್ಯರೊಬ್ಬರ ಜೊತೆ ಮದುವೆ ಗೊತ್ತಾಗಿತ್ತು. 1973ರ ನವೆಂಬರ್ 27ರ ಸಂಜೆ, ಕೆಲಸ ಮುಗಿಸಿ ಬಟ್ಟೆ ಬದಲಿಸುತ್ತಿದ್ದಾಗ ಅಲ್ಲಿಯದೇ ವಾರ್ಡ್ ಬಾಯ್ ಒಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅವಳ ಮೇಲೆ ಅತ್ಯಾಚಾರ ಮಾಡಿದ. ಮಿದುಳಿಗೆ ಆಮ್ಲಜನಕ ನಿಂತುಹೋಯಿತು. ಅವಳು ಸಿಕ್ಕಿದ್ದು ಮರುದಿನ ಬೆಳಿಗ್ಗೆ. ಅವನಿಗೆ ಶಿಕ್ಷೆಯಾದದ್ದು ದರೋಡೆ ಮತ್ತು ಕೊಲೆ ಯತ್ನಕ್ಕೆ, ಏಳು ವರ್ಷ. ಅವಳು 2015ರ ಮೇ 18ರವರೆಗೆ, ಸುಮಾರು 42 ವರ್ಷ, ಅದೇ ಆಸ್ಪತ್ರೆಯ 4ನೇ ವಾರ್ಡಿಗೆ ಅಂಟಿದ ಕೋಣೆಯಲ್ಲಿದ್ದಳು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ದೌರ್ಜನ್ಯದ ಕಥೆಯಾಗಿ ಓದುತ್ತೇವೆ, ಅದು ಸರಿಯೇ. ಆದರೆ ನಮ್ಮ ಅವ್ವನನ್ನು ಕಳೆದುಕೊಂಡ ಮೇಲೆ ನಾನು ಅದನ್ನು ಬೇರೆ ಒಂದು ಪ್ರಶ್ನೆಯ ಚರಿತ್ರೆಯಾಗಿ ಓದತೊಡಗಿದೆ. ಮಾತನಾಡಲಾಗದ ಮನುಷ್ಯನ ಪರವಾಗಿ ಮಾತನಾಡುವ ಹಕ್ಕು ಯಾರದು?

ಅವ್ವನ ವಿಷಯ ಮೊದಲು ಹೇಳಿಬಿಡುತ್ತೇನೆ. 2018ರ ಫೆಬ್ರವರಿ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಎಲ್ಲ ಹಳೆಯವೇ; ಈ ಸಲ ಪಾರ್ಶ್ವವಾಯು ಹೊಡೆದಿತ್ತು. ಅವ್ವನನ್ನು ಎಂಟು ವರ್ಷದಿಂದ ನೋಡಿಕೊಂಡವಳು ಧಾರವಾಡದಲ್ಲೇ ಇರುವ ನನ್ನ ಅಕ್ಕ. ಅಕ್ಕ ಮತ್ತು ಅಲ್ಲಿಯ ಡಾಕ್ಟರು ಮಾತಾಡಿಕೊಂಡು, ಇನ್ನು ಮನೆಗೆ ಕರೆದುಕೊಂಡು ಹೋಗೋಣ ಅನ್ನುವ ಹಂತಕ್ಕೆ ಬಂದಿದ್ದರು. ಅಷ್ಟರಲ್ಲಿ ನಾನು ಪುಣೆಯಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದೆ. ಕೈಯಲ್ಲಿ ಇನ್ಶೂರೆನ್ಸ್ ಕಾರ್ಡು, ತಲೆಯಲ್ಲಿ ಗೂಗಲ್ಲಿನಲ್ಲಿ ಓದಿದ್ದೆಲ್ಲ. ಪ್ರಾಜೆಕ್ಟು ಕೆಂಪಿಗೆ ಬಿದ್ದಾಗ ಆಫೀಸಿನಲ್ಲಿ ಮಾಡುವುದನ್ನೇ ಅಲ್ಲೂ ಮಾಡಿದೆ: ಎಲ್ಲರನ್ನೂ ನಿಲ್ಲಿಸಿ ಪ್ರಶ್ನೆ ಕೇಳಿದೆ, ಯಾಕೆ ಇದು ಮಾಡಿಲ್ಲ, ಯಾಕೆ ಅದು ಮಾಡಿಲ್ಲ. ದೊಡ್ಡ ಆಸ್ಪತ್ರೆಗೆ ಸಾಗಿಸಿ ವೆಂಟಿಲೇಟರಿಗೆ ಸಹಿ ಹಾಕಿದೆ. ಅವ್ವ 16 ದಿನ ಇದ್ದಳು. ನಳಿಗೆ ಕಿತ್ತುಕೊಳ್ಳುತ್ತಾಳೆಂದು ಕೈಗಳನ್ನು ಮಂಚದ ಸರಳಿಗೆ ಬ್ಯಾಂಡೇಜ್ ಬಟ್ಟೆಯಿಂದ ಕಟ್ಟಿದ್ದರು. ಆ ಕೈ ಬಿಡಿಸಿಕೊಳ್ಳಲು ನೋಡುತ್ತಿದ್ದದ್ದು ಅವ್ವನ ಇಚ್ಛೆಯೋ, ಬರೀ ನರಗಳ ಚಲನೆಯೋ? ಡಾಕ್ಟರನ್ನು ಕೇಳಲಿಲ್ಲ. ಕೇಳಬಹುದಿತ್ತು.

ಅಕ್ಕ ನನ್ನ ಜೊತೆ ಜಗಳವಾಡಲಿಲ್ಲ. ಒಂದು ವರ್ಷ ಹೆಚ್ಚು ಮಾತೂ ಆಡಲಿಲ್ಲ.

ಬಹಳ ದಿನಗಳ ಮೇಲೆ ಗೊತ್ತಾಯಿತು, ನನ್ನಂಥವರಿಗೆ ವೈದ್ಯರು ಒಂದು ಹೆಸರಿಟ್ಟಿದ್ದಾರೆ. 1991ರಲ್ಲಿ ಅಮೆರಿಕದ ವೃದ್ಧಾಪ್ಯ ವೈದ್ಯಕೀಯದ ಪತ್ರಿಕೆಯೊಂದರಲ್ಲಿ ಬಂದ ಲೇಖನದ ಶೀರ್ಷಿಕೆಯಲ್ಲೇ ಅದಿದೆ: 'ಕ್ಯಾಲಿಫೋರ್ನಿಯಾದ ಮಗಳು' ಸಿಂಡ್ರೋಮ್. ದೂರದಲ್ಲಿರುವ ಮಗಳು ಕೊನೆಯ ಗಳಿಗೆಯಲ್ಲಿ ವಿಮಾನದಲ್ಲಿ ಬಂದಿಳಿದು, ಹತ್ತಿರವಿದ್ದವರು ನಿಧಾನವಾಗಿ ಮಾಡಿದ ನಿರ್ಧಾರವನ್ನೆಲ್ಲ ಬುಡಮೇಲು ಮಾಡಿ, ಎಲ್ಲ ಚಿಕಿತ್ಸೆಯೂ ಆಗಲೇಬೇಕು ಎಂದು ಹಠ ಹಿಡಿಯುವುದು. ಕ್ಯಾಲಿಫೋರ್ನಿಯಾದಲ್ಲಿ ಅದನ್ನೇ ನ್ಯೂಯಾರ್ಕಿನ ಮಗಳು ಅನ್ನುತ್ತಾರಂತೆ. ಹುಬ್ಬಳ್ಳಿ-ಧಾರವಾಡದ ಐಸಿಯುಗಳಲ್ಲಿ 'ಪುಣೆಯ ಮಗ' ಅಂತ ಒಂದು ಮಾತು ಇದ್ದರೆ ನನಗೆ ಆಶ್ಚರ್ಯವಿಲ್ಲ.

ಅವ್ವನ ಹನ್ನೊಂದನೆಯ ದಿನದ ಕಾರ್ಯ ಮುಗಿದ ಮರುದಿನ, ಮನೆಯಲ್ಲಿ ಇನ್ನೂ ನೆಂಟರಿದ್ದರು, ಟಿವಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಸುದ್ದಿ ಬಂತು. ಮಾರ್ಚ್ 9. ಸಾವಿನ ಘನತೆಯೂ ಬದುಕಿನ ಹಕ್ಕಿನ ಭಾಗ, ಬೇಡವಾದ ಚಿಕಿತ್ಸೆಯನ್ನು ಮುಂಗಡವಾಗಿಯೇ ಬರೆದಿಟ್ಟು ನಿರಾಕರಿಸಬಹುದು ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತ್ತು. ಅಪ್ಪ ಟಿವಿಯ ಧ್ವನಿ ಸ್ವಲ್ಪ ಏರಿಸಿದರು. ಯಾರೂ ಏನೂ ಅನ್ನಲಿಲ್ಲ.

ಆ ತೀರ್ಪಿಗೆ ಬಂದ ದಾರಿ ಹಳದೀಪುರದ ಹುಡುಗಿಯ ಹಾಸಿಗೆಯ ಪಕ್ಕದಿಂದಲೇ ಹಾದುಹೋಗಿದೆ.

ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ನಮ್ಮಲ್ಲಿ ಮೊದಲು ಸಂಘಟಿತವಾಗಿ ಮಾತಾಡಿದ್ದು ಮುಂಬೈ. ಸ್ವತಂತ್ರ ಪಕ್ಷದ ಮೀನೂ ಮಸಾನಿ 1981ರಲ್ಲಿ ಅದಕ್ಕೆಂದೇ ಒಂದು ಸಂಸ್ಥೆ ಕಟ್ಟಿದರು. 'ಲಿವಿಂಗ್ ವಿಲ್' ಎಂಬ ಮಾತು ಅದಕ್ಕೂ 12 ವರ್ಷ ಹಿಂದೆ, 1969ರಲ್ಲಿ, ಲೂಯಿಸ್ ಕಟ್ನರ್ ಎಂಬ ಅಮೆರಿಕನ್ ವಕೀಲರ ಲೇಖನದಿಂದ ಬಂದದ್ದು. ಅಲ್ಲಿ 1976ರ ಹೊತ್ತಿಗೆ ಕ್ಯಾಲಿಫೋರ್ನಿಯಾ ಅದನ್ನು ಕಾನೂನೂ ಮಾಡಿತು. ನಮ್ಮ ನ್ಯಾಯಾಲಯಗಳು ಮಾತ್ರ ಆತ್ಮಹತ್ಯೆಯ ಸೆಕ್ಷನ್ನಿನ ಸುತ್ತಲೇ ಬಹಳ ಕಾಲ ತಿರುಗಿದವು. 1994ರಲ್ಲಿ ಸುಪ್ರೀಂ ಕೋರ್ಟು ಸಾಯುವ ಹಕ್ಕಿದೆ ಎಂದಿತು. 1996ರಲ್ಲಿ ಗ್ಯಾನ್ ಕೌರ್ ಪ್ರಕರಣದಲ್ಲಿ ದೊಡ್ಡ ಪೀಠ ಇಲ್ಲ ಎಂದಿತು. ಆದರೆ ಆ 'ಇಲ್ಲ'ದೊಳಗೇ ಒಂದು ಕಿಂಡಿ ಬಿಟ್ಟಿತ್ತು: ಸಾವು ಆಗಲೇ ಶುರುವಾಗಿದ್ದರೆ, ಆ ಸಹಜ ಸಾವಿಗೂ ಘನತೆ ಬೇಕು.

ಪತ್ರಕರ್ತೆ ಪಿಂಕಿ ವಿರಾನಿ 1998ರಲ್ಲಿ ಅರುಣಾಳ ಬಗ್ಗೆ ಪುಸ್ತಕ ಬರೆದಿದ್ದರು. 2009ರಲ್ಲಿ ಅವರೇ ಅವಳ 'ನೆಕ್ಸ್ಟ್ ಫ್ರೆಂಡ್', ಅಂದರೆ ಅವಳ ಪರವಾಗಿ ನಿಲ್ಲುವ ಆಪ್ತ, ಎಂದು ಸುಪ್ರೀಂ ಕೋರ್ಟಿಗೆ ಹೋಗಿ, ಅವಳಿಗೆ ಆಹಾರ ಕೊಡುವುದನ್ನು ನಿಲ್ಲಿಸಿ ಶಾಂತವಾಗಿ ಸಾಯಲು ಬಿಡಿ ಎಂದು ಕೇಳಿದರು. ಕೋರ್ಟು ಮೂವರು ವೈದ್ಯರನ್ನು ಪರೀಕ್ಷೆಗೆ ಕಳಿಸಿತು. ಪರೀಕ್ಷೆಯ ಚಿತ್ರೀಕರಣವನ್ನು ನ್ಯಾಯಾಲಯದ ಕೋಣೆಯಲ್ಲೇ ಹಾಕಿ ನೋಡಲಾಯಿತು. ಕಣ್ಣಿದೆ, ನೋಟವಿಲ್ಲ; ಧ್ವನಿ ಇದೆ, ಮಾತಿಲ್ಲ. ಆದರೆ ಅವಳು ವೆಂಟಿಲೇಟರಿನ ಮೇಲಿರಲಿಲ್ಲ, ತಾನೇ ಉಸಿರಾಡುತ್ತಿದ್ದಳು. 2010ರಲ್ಲಿ ಮಲೇರಿಯಾ ಬರುವವರೆಗೆ ನುರಿದ ಊಟವನ್ನು ಬಾಯಿಯಿಂದಲೇ ತಿನ್ನುತ್ತಿದ್ದಳು.

ಇನ್ನೊಂದು ಕಡೆ ನಿಂತವರು ಕೆಇಎಂ ನರ್ಸುಗಳು. 1980ರ ದಶಕದಲ್ಲಿ ಹಾಸಿಗೆ ಖಾಲಿ ಮಾಡಿಸಲು ಪಾಲಿಕೆ ಅವಳನ್ನು ಸ್ಥಳಾಂತರಿಸಲು ನೋಡಿದಾಗ ಇದೇ ನರ್ಸುಗಳು ಪ್ರತಿಭಟಿಸಿ ತಡೆದಿದ್ದರು. ಅವಳನ್ನು ಆರೋಗ್ಯವಂತೆಯಾಗಿ ಕಂಡಿದ್ದ ಸಹೋದ್ಯೋಗಿಗಳು ನಿವೃತ್ತರಾದರು, ಅವಳನ್ನು ಹಾಸಿಗೆಯ ಮೇಲೆ ಮಾತ್ರ ಕಂಡ ಹುಡುಗಿಯರು ಬಂದರು, ಆರೈಕೆ ನಿಲ್ಲಲಿಲ್ಲ. ಇಷ್ಟು ವರ್ಷ ಮಲಗಿದ ಮೈಗೆ ಒಂದು ಹಾಸಿಗೆ ಹುಣ್ಣು ಆಗದಂತೆ ನೋಡಿಕೊಂಡದ್ದು ಎಂಥ ಕೆಲಸ ಎಂಬುದು, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಂಡವರಿಗೆ ಗೊತ್ತು. ನನಗಲ್ಲ, ನನ್ನ ಅಕ್ಕನಿಗೆ.

2011ರ ಮಾರ್ಚ್ 7ರಂದು ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಗ್ಯಾನ್ ಸುಧಾ ಮಿಶ್ರಾ ಕೊಟ್ಟ ತೀರ್ಪು ಗಾಲಿಬನ ಶೇರಿನಿಂದ ಶುರುವಾಗುತ್ತದೆ. ಅದರಲ್ಲಿ ಪ್ರಸಿದ್ಧವಾದ ಭಾಗ ಒಂದಿದೆ, ಎಲ್ಲ ಪತ್ರಿಕೆಗಳೂ ಬರೆದದ್ದು: ಚಿಕಿತ್ಸೆಯನ್ನು ಹಿಂತೆಗೆದುಕೊಳ್ಳುವ ನಿಷ್ಕ್ರಿಯ ದಯಾಮರಣಕ್ಕೆ, ಹೈಕೋರ್ಟಿನ ಅನುಮತಿಯ ಷರತ್ತಿನ ಮೇಲೆ, ಬಾಗಿಲು ತೆರೆದದ್ದು. ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಭಾಗ. ಪುಸ್ತಕ ಬರೆದವರು, ಕೆಲವು ಸಲ ಬಂದು ನೋಡಿದವರು ಎಷ್ಟೇ ಸದುದ್ದೇಶದವರಾದರೂ ಆಪ್ತರಾಗುವುದಿಲ್ಲ. ದಿನದಿನವೂ ತೊಳೆದು ಬಳಿದು ಉಣಿಸಿದ ಆಸ್ಪತ್ರೆಯ ಸಿಬ್ಬಂದಿಯೇ ಅವಳ ನಿಜವಾದ ಆಪ್ತರು ಎಂದು ಕೋರ್ಟು ಹೇಳಿತು. ಅವರು ಅವಳು ಬದುಕಿರಲಿ ಎನ್ನುತ್ತಾರೆ, ಆದ್ದರಿಂದ ಅರ್ಜಿ ವಜಾ. ಮುಂದೆ ಎಂದಾದರೂ ಅವರ ಮನಸ್ಸು ಬದಲಾದರೆ ಬಾಂಬೆ ಹೈಕೋರ್ಟಿಗೆ ಹೋಗಬಹುದು.

ಈ ತರ್ಕವನ್ನು ಮೊದಲ ಸಲ ಓದಿದಾಗ ತಲೆ ತಗ್ಗಿತು. ನಮ್ಮ ಮನೆಗೆ ಅದನ್ನು ಅನ್ವಯಿಸಿದರೆ ಅವ್ವನ ಆಪ್ತಳು ಅಕ್ಕ. ನಾನು ಕೆಲವು ಸಲ ಬಂದು ನೋಡಿದವನು.

ಆದರೂ ತೀರ್ಪಿನಲ್ಲಿ ನನಗೆ ಸಮಾಧಾನವಾಗದ ಒಂದು ಅಂಶ ಉಳಿದಿದೆ. ನರ್ಸುಗಳ ಪ್ರೀತಿ ನಿಜ. ವಿರಾನಿಯವರ ಕಳಕಳಿಯೂ ನಿಜ. ಎರಡೂ ಕಡೆ ಅರುಣಾ ಮಾತ್ರ ಇಲ್ಲ. ಇಪ್ಪತ್ತೈದು ವರ್ಷದ ನರ್ಸೊಬ್ಬಳು ದಿನವೂ ವಾರ್ಡಿನಲ್ಲಿ ಸಾವು ಕಂಡವಳು. ತನ್ನ ಬಗ್ಗೆ ಎಂದಾದರೂ ಗೆಳತಿಯರ ಹತ್ತಿರ ಏನಾದರೂ ಅಂದಿದ್ದಳೇ? ಅಂದಿದ್ದರೂ ಅದು ಎಲ್ಲೂ ದಾಖಲಾಗಿಲ್ಲ. ಕೋರ್ಟು ಪ್ರೀತಿಯನ್ನು ಅಳೆಯಿತು, ಯಾಕೆಂದರೆ ಇಚ್ಛೆಯನ್ನು ಅಳೆಯಲು ಕೈಯಲ್ಲಿ ಏನೂ ಇರಲಿಲ್ಲ.

2005ರಲ್ಲಿ, ನಾನು ಮೊದಲ ಕೆಲಸಕ್ಕೆಂದು ಪುಣೆಗೆ ಬಂದ ವರ್ಷ, 'ಕಾಮನ್ ಕಾಸ್' ಎಂಬ ಸಂಸ್ಥೆ ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಕೇಳಿದ್ದು ಇದನ್ನೇ: ಇಚ್ಛೆಯನ್ನು ಮೊದಲೇ ಬರೆದಿಡಲು ಅವಕಾಶ ಕೊಡಿ. ಅದೇ ವರ್ಷ ಫ್ಲಾರಿಡಾದಲ್ಲಿ ಟೆರಿ ಶಿಯಾವೊ ಎಂಬಾಕೆಯ ಆಹಾರದ ನಳಿಗೆಯ ಬಗ್ಗೆ ಗಂಡ ಒಂದು ಕಡೆ, ತಂದೆ ತಾಯಿ ಇನ್ನೊಂದು ಕಡೆ ನಿಂತ ವರ್ಷಗಟ್ಟಲೆಯ ಮೊಕದ್ದಮೆ ಅವಳ ಸಾವಿನಲ್ಲಿ ಮುಗಿದಿತ್ತು. ಅಲ್ಲಿಯೂ ಬರೆದಿಟ್ಟ ಕಾಗದವಿರಲಿಲ್ಲ. ಕಾಮನ್ ಕಾಸ್ ಅರ್ಜಿಗೆ ಉತ್ತರ ಬಂದದ್ದು 13 ವರ್ಷಕ್ಕೆ, ನಮ್ಮ ಮನೆಯಲ್ಲಿ ಅಪ್ಪ ಟಿವಿ ಧ್ವನಿ ಏರಿಸಿದ ದಿನ.

ಇನ್ನು ಕನ್ನಡದವರಾದ ನಮಗೆ ಇದೆಲ್ಲ ಹೊಸದೇ? ಇಲ್ಲಿ ಸ್ವಲ್ಪ ದಾರಿ ಬಿಟ್ಟು ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಹೋಗಬೇಕು. ದೊಡ್ಡಬೆಟ್ಟದ ಗೊಮ್ಮಟನನ್ನು ನೋಡಿ ಬಸ್ಸು ಹತ್ತುವವರೇ ಹೆಚ್ಚು. ಎದುರಿನ ಬಂಡೆಯ ಮೇಲೆ ಸುಮಾರು ಕ್ರಿ.ಶ. 600ರಿಂದ ಶುರುವಾಗುವ ಶಾಸನಗಳಲ್ಲಿ ಬಹಳಷ್ಟು ಸಲ್ಲೇಖನದವು. ಕನ್ನಡ ಎಂ.ಎ. ಓದಿದವರಿಗೆ ಅಲ್ಲಿಯ ನಂದಿಸೇನ ಮುನಿಯ ಶಾಸನ ನೆನಪಿರುತ್ತದೆ. ಷ. ಶೆಟ್ಟರ್ ಈ ಸಾವುಗಳ ಚರಿತ್ರೆಗೆಂದೇ ಇಂಗ್ಲಿಷಿನಲ್ಲಿ ಎರಡು ದೊಡ್ಡ ಪುಸ್ತಕ ಬರೆದರು, 'ಇನ್ವೈಟಿಂಗ್ ಡೆತ್' ಮತ್ತು 'ಪರ್ಸ್ಯೂಯಿಂಗ್ ಡೆತ್'. ಗಂಗರ ದೊರೆ ಮಾರಸಿಂಹ 974ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನ ಗುರುವಿನ ಬಳಿ ಉಪವಾಸವಿದ್ದು ಸತ್ತ. ನಾವು ಪುಣೆಯಿಂದ ಬೆಂಗಳೂರಿಗೆ ಹೋಗುವಾಗ ಶಿಗ್ಗಾವಿಯ ಆಚೆ ಕಣ್ಣು ಮುಚ್ಚಿ ದಾಟಿಬಿಡುವ ಬಂಕಾಪುರ ಅದೇ. ಹೊಯ್ಸಳರ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ಅವಳ ತಾಯಿ ಮಾಚಿಕಬ್ಬೆ ಒಂದು ತಿಂಗಳು ಅನ್ನ ಬಿಟ್ಟು, ಗುರುಗಳ ಸಮ್ಮುಖದಲ್ಲಿ ಪ್ರಾಣ ಬಿಟ್ಟದ್ದನ್ನು ಬೆಳಗೊಳದ ಶಾಸನ ಹೇಳುತ್ತದೆ.

ಸಲ್ಲೇಖನವೂ ಲಿವಿಂಗ್ ವಿಲ್ಲೂ ಒಂದೇ ಎಂದು ನಾನು ಹೇಳುತ್ತಿಲ್ಲ. ಒಂದು ವ್ರತ, ಇನ್ನೊಂದು ಚಿಕಿತ್ಸೆಯ ನಿರಾಕರಣೆ. 2015ರಲ್ಲಿ, ಅರುಣಾ ತೀರಿಕೊಂಡ ಮೂರು ತಿಂಗಳಿಗೆ, ರಾಜಸ್ಥಾನ ಹೈಕೋರ್ಟು ಸಲ್ಲೇಖನವನ್ನು ಆತ್ಮಹತ್ಯೆ ಎಂದಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಆ ವಾದ ಬೇರೆ. ನನಗೆ ಬೇಕಾದದ್ದು ಅದರ ವಿಧಾನ. ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ' ಯಾವಾಗ ಇದು ಸಲ್ಲುತ್ತದೆ ಎಂದು ಹೇಳುತ್ತದೆ: ತಪ್ಪಿಸಲಾಗದ ವಿಪತ್ತು, ಬರಗಾಲ, ಮುಪ್ಪು, ವಾಸಿಯಾಗದ ರೋಗ. ಆಮೇಲೆ, ಬಂಧುಗಳನ್ನು ಕೂರಿಸಿಕೊಂಡು ಮೃದು ಮಾತಿನಿಂದ ಕ್ಷಮೆ ಕೇಳಬೇಕು, ತಾನೂ ಕ್ಷಮಿಸಬೇಕು. ಅಂದರೆ ಮನೆಯವರ ಜೊತೆಗಿನ ಮಾತುಕತೆ ವಿಧಿಯ ಮೊದಲ ಮೆಟ್ಟಿಲು. ಗುರುವಿನ ಅನುಮತಿಯೂ ಬೇಕು, ಅದು ಸಿಗದೆಯೂ ಹೋಗಬಹುದು. ಸ್ವತಃ ಸಮಂತಭದ್ರರಿಗೆ ಭಸ್ಮಕ ರೋಗ ಬಂದು ಸಲ್ಲೇಖನ ಕೇಳಿದಾಗ, ನಿನ್ನಿಂದ ಆಗಬೇಕಾದ ಕೆಲಸ ಇನ್ನೂ ಇದೆ ಎಂದು ಗುರುಗಳು ಒಪ್ಪಲಿಲ್ಲ ಎಂಬ ಕಥೆಯಿದೆ. ಕೇಳಿದ ಕೂಡಲೇ ಹೂಂ ಅನ್ನುವ ವ್ಯವಸ್ಥೆ ಅದಾಗಿರಲಿಲ್ಲ.

ನಮ್ಮ ಮನೆಗಳಲ್ಲಿ 'ಶರಣರ ಗುಣ ಮರಣದಲ್ಲಿ ನೋಡು' ಎಂಬ ಗಾದೆ ಹೇಳುತ್ತೇವೆ. ಅದೇ ಮನೆಯಲ್ಲಿ ಯಾರಾದರೂ 'ನಾ ಸತ್ತ ಮ್ಯಾಲೆ' ಅಂತ ಬಾಯಿ ತೆರೆದರೆ 'ಬಿಡ್ತು ಅನ್ರಿ' ಎಂದು ಮುಚ್ಚಿಸುತ್ತೇವೆ.

2018ರ ತೀರ್ಪು ಹಕ್ಕನ್ನು ಕೊಟ್ಟರೂ ಕಾಗದವನ್ನು ಅಸಾಧ್ಯ ಮಾಡಿತ್ತು. ಇಬ್ಬರು ಸಾಕ್ಷಿಗಳ ಜೊತೆಗೆ ಮ್ಯಾಜಿಸ್ಟ್ರೇಟರ ಸಹಿ. ಜಾರಿಗೆ ಬರುವ ಹೊತ್ತಿಗೆ ಎರಡು ವೈದ್ಯ ಮಂಡಳಿ, ಅದರಲ್ಲಿ ಎರಡನೆಯದನ್ನು ಜಿಲ್ಲಾಧಿಕಾರಿ ರಚಿಸಬೇಕು. ವೈದ್ಯರಿಗೆ 20 ವರ್ಷದ ಅನುಭವ. ಕೊನೆಗೆ ಮ್ಯಾಜಿಸ್ಟ್ರೇಟರೇ ಆಸ್ಪತ್ರೆಗೆ ಬಂದು ನೋಡಬೇಕು. ನಮ್ಮ ಕಂಪನಿಗಳಲ್ಲಿ ಒಂದು ಲ್ಯಾಪ್‌ಟಾಪಿಗೆ ಏಳು ಅಪ್ರೂವಲ್ ಇಟ್ಟ ಹಾಗೆ. ತೀವ್ರ ನಿಗಾ ವೈದ್ಯರ ಸಂಘವೇ ಮತ್ತೆ ಕೋರ್ಟಿಗೆ ಹೋಗಿ ಇದು ನಡೆಯುವ ಮಾತಲ್ಲ ಎಂದಿತು. 2023ರ ಜನವರಿ 24ರಂದು ಕೋರ್ಟು ಸಡಿಲಿಸಿತು: ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ ಸಾಕು, ಮಂಡಳಿಗಳನ್ನು ಆಸ್ಪತ್ರೆಯೇ ರಚಿಸಬಹುದು, ಐದು ವರ್ಷದ ಅನುಭವ ಸಾಕು, ಆದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಿದರೆ ಸಾಕು. ನಿರ್ಧಾರ ಹೇಳಲು ಒಬ್ಬರಿಗಿಂತ ಹೆಚ್ಚು ಜನರ ಹೆಸರು ಬರೆಯಬಹುದು. ಒಂದು ಪ್ರತಿ ಸ್ಥಳೀಯ ಸಂಸ್ಥೆಯ ಅಧಿಕಾರಿಯ ಬಳಿ ಇರಬೇಕು. ನಮ್ಮ ಮಹಾರಾಷ್ಟ್ರದಲ್ಲಿ ಅಂಥ ಅಧಿಕಾರಿಯೇ ಇಲ್ಲವಲ್ಲ ಎಂದು ಮುಂಬೈಯ ವೈದ್ಯ ಡಾ. ನಿಖಿಲ್ ದಾತಾರ್ ಹೈಕೋರ್ಟಿಗೆ ಹೋದ ಮೇಲೆ 2024ರಲ್ಲಿ ನೇಮಕಗಳಾದವು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಆ ಸುದ್ದಿಯ ಜೊತೆ ಪತ್ರಿಕೆಗಳಲ್ಲಿ ದಾವಣಗೆರೆಯ ನಿವೃತ್ತ ಶಿಕ್ಷಕಿ, 85ರ ಎಚ್.ಬಿ. ಕರಿಬಸಮ್ಮನವರ ಫೋಟೋ ಬಂತು. ಈ ಹಕ್ಕಿಗಾಗಿ ಎರಡು ದಶಕ ಅಧಿಕಾರದಲ್ಲಿದ್ದವರಿಗೆ ಪತ್ರ ಬರೆದವರು.

ಅಪ್ಪನೂ ನಿವೃತ್ತ ಶಿಕ್ಷಕರು. ಆ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ಯುಗಾದಿಗೆ ನಾನು ಹೋದಾಗ ಊಟದ ಮೇಲೆ ಅದನ್ನು ಕೈಗೆ ಕೊಟ್ಟು, "ಇದೊಂದು ನೋಡಪಾ. ನಮ್ಮದೂ ಮಾಡಿ ಬಿಡೂಣು" ಎಂದರು. ಏಳು ವರ್ಷದಿಂದ ಹೇಗೆ ಎತ್ತಲಿ ಎಂದು ನಾನು ತೊಳಲಾಡುತ್ತಿದ್ದ ಮಾತನ್ನು, ಎಲೆ ಅಡಿಕೆ ಹಾಕಿಕೊಳ್ಳುತ್ತಲೇ ಎತ್ತಿಬಿಟ್ಟರು.

ನಾನು ಲ್ಯಾಪ್‌ಟಾಪ್ ತೆಗೆದೆ. ಕರಡು ಬರೆಯುತ್ತ ಒಂದೊಂದೇ ಕೇಳಿದೆ. ವೆಂಟಿಲೇಟರ್? "ಗುಣ ಆಗೂ ಹಂಗಿದ್ರ ಹಾಕ್ರಿ. ಇಲ್ಲಂದ್ರ ಬ್ಯಾಡ." ಮೂಗಿನ ನಳಿಗೆ? "ಬ್ಯಾಡ." ಡಯಾಲಿಸಿಸ್? ಸ್ವಲ್ಪ ಯೋಚಿಸಿದರು. "ಒಂದೆರಡ ಸಲ ನೋಡ್ರಿ." ನೋವಿಗೆ ಔಷಧ? "ಅದಕ್ಕೇನ ಕಂಜೂಸತನ ಮಾಡಬ್ಯಾಡ್ರಿ." ನಾನು ಬರೆದ ಒಂದು ವಾಕ್ಯದಲ್ಲಿ ಅಲ್ಪಪ್ರಾಣ ಮಹಾಪ್ರಾಣ ತಿದ್ದಿದರು.

ಆಮೇಲೆ ನಿರ್ಧಾರ ಹೇಳಬೇಕಾದವರ ಹೆಸರಿನ ಸಾಲು ಬಂತು. ನಾನು ತಾನಾಗಿಯೇ ನನ್ನ ಹೆಸರು ಹೊಡೆದೆ. ಹಿರಿಯ ಮಗಳಿದ್ದರೂ ಮಗನೇ, ಅದೂ ಓದಿದವನು, ಕಾಗದಪತ್ರ ತಿಳಿದವನು ಎಂಬ ಹಳೆಯ ಅಭ್ಯಾಸ. ಅಪ್ಪ ಪರದೆಯನ್ನು ನೋಡಿ, "ನೀ ಬ್ಯಾಡ" ಎಂದರು. "ಅಕ್ಕನ ಹೆಸರು ಬರಿ. ನಿನ್ನ ಕಡೆ ಆಗೂದಿಲ್ಲದು. ನೀ ಬಿಡೂದಿಲ್ಲ." ಸಿಟ್ಟಿರಲಿಲ್ಲ ಧ್ವನಿಯಲ್ಲಿ. ಪರೀಕ್ಷೆಯ ಅಂಕ ಓದಿ ಹೇಳುವ ಮಾಸ್ತರರ ಧ್ವನಿ. ಒಳಗೆ ಪಾತ್ರೆ ತೊಳೆಯುತ್ತಿದ್ದ ಅಕ್ಕ ನಲ್ಲಿ ನಿಲ್ಲಿಸಿದ್ದು ಕೇಳಿಸಿತು.

ನಾನು ಹೆಸರು ಅಳಿಸಿ ಅಕ್ಕನದು ಬರೆದೆ. ಎರಡನೆಯದಾಗಿ ನನ್ನದಿರಲಿ ಎಂದು ಅಕ್ಕನೇ ಒಳಗಿನಿಂದ ಹೇಳಿದಳು. "ಇರಲಿ, ಆದ್ರ ಎರಡನೇದು" ಎಂದರು ಅಪ್ಪ.

ಆ ರಾತ್ರಿ ಅಕ್ಕ ಮೊದಲ ಸಲ ಅವ್ವನ ಕೈಗಳ ವಿಷಯ ತೆಗೆದಳು. ನನ್ನನ್ನು ಬೈಯಲಿಲ್ಲ. ಅವ್ವ ಒಂದು ಸಲ, ಪಕ್ಕದ ಮನೆಯ ಅಜ್ಜಿ ಹಾಸಿಗೆ ಹಿಡಿದಿದ್ದಾಗ, "ನನಗ ಹಿಂಗ ಮಾಡಬ್ಯಾಡ್ರಿ" ಅಂದಿದ್ದಳಂತೆ. "ನೀ ಬಂದಾಗ ಹೇಳಬೇಕಿತ್ತು ನಾ. ನಿನ್ನ ಮಾರಿ ನೋಡಿ ಸುಮ್ಮನಾದೆ" ಎಂದಳು. ಇಬ್ಬರೂ ಬಹಳ ಹೊತ್ತು ಕೂತಿದ್ದೆವು.

ಅರುಣಾಳ ಅಂತ್ಯಕ್ರಿಯೆಯ ದಿನ ಚಿತೆಗೆ ಬೆಂಕಿ ಕೊಡುವುದು ಯಾರು ಎಂದು ಬಂಧುಗಳಿಗೂ ನರ್ಸುಗಳಿಗೂ ಮಾತಾಗಿತ್ತು. ಕೊನೆಗೆ ಆಸ್ಪತ್ರೆಯ ಡೀನ್ ಮತ್ತು ಸಂಬಂಧಿಕರು ಒಟ್ಟಿಗೇ ಮಾಡಿದರು. ಇದನ್ನೂ ಅಕ್ಕನಿಗೆ ಹೇಳಿದೆ. ಅವಳು ಕೇಳಿದ್ದು, "ಆ ನರ್ಸುಗಳಿಗೆ ಮರುದಿನ ಡ್ಯೂಟಿ ಹೆಂಗಾಗಿರಬೇಕು?"

ಪುಣೆಗೆ ಮರಳುವ ಬಸ್ಸು ಬೆಳಗಿನ ಜಾವ ವಾರಜೆಯಲ್ಲಿ ಇಳಿಸಿತು. ಹದಿನೆಂಟು ವರ್ಷ ಅದೇ ಹೆದ್ದಾರಿಯ ಪಕ್ಕ ಬ್ಯಾಗು ಹಿಡಿದು ಊರಿನ ಬಸ್ಸಿಗೆ ಕಾದಿದ್ದೇನೆ. ಅಲ್ಲೇ ಸಿಪ್ಲಾದವರ ಉಪಶಾಮಕ ಆರೈಕೆ ಕೇಂದ್ರವಿದೆ, 1997ರಿಂದ. ಗುಣವಾಗದ ಕ್ಯಾನ್ಸರಿನ ರೋಗಿಗಳನ್ನು ಮನೆಯವರ ಜೊತೆಗೇ ಇರಿಸಿಕೊಂಡು ಹಣ ಕೇಳದೆ ನೋಡಿಕೊಳ್ಳುತ್ತಾರೆ. ಈ ಸಲ ಆಟೋ ಕರೆಯುವ ಮೊದಲು ಆ ಫಲಕವನ್ನು ಓದಿದೆ.

ಮೇ ತಿಂಗಳಲ್ಲಿ ಧಾರವಾಡದಲ್ಲಿ ನೋಟರಿಯ ಮುಂದೆ ಸಹಿಗಳಾದವು. ಅಪ್ಪನ ಹಳೆಯ ವಿದ್ಯಾರ್ಥಿಗಳಿಬ್ಬರು ಸಾಕ್ಷಿ. ಒಂದು ಪ್ರತಿ ಮಹಾನಗರಪಾಲಿಕೆಗೆ, ಒಂದು ಮನೆಯ ಡಾಕ್ಟರಿಗೆ, ಒಂದು ಅಕ್ಕನ ಕಪಾಟಿಗೆ, ಒಂದು ನನಗೆ. ಸಹಿ ಹಾಕುವ ಮೊದಲು ಅಪ್ಪ ಪೆನ್ನು ತೆಗೆದು ಕೊನೆಯ ಪುಟದಲ್ಲಿ ತಮ್ಮ ದುಂಡು ಅಕ್ಷರದಲ್ಲಿ ಒಂದು ಸಾಲು ಸೇರಿಸಿದರು: ಬಾಯಿಂದ ಇಳಿಯುವ ತನಕ ಮುಂಜಾನೆ ಚಹಾ ಕೊಡತಕ್ಕದ್ದು, ಒಂದು ಚಮಚೆಯಾದರೂ ಸರಿ. ಇದು ಇಲ್ಲಿ ಬೇಕೇನ್ರಿ ಸರ್ ಎಂದು ನೋಟರಿ ಕೇಳಿದರು. ಬೇಕು ಎಂದರು ಅಪ್ಪ. ನೋಟರಿ ಆ ಸಾಲಿನ ಪಕ್ಕದಲ್ಲೂ ಮೊಹರು ಒತ್ತಿದರು.